‘ಎರಡು ಗುಂಪು’ ಎಂದು ಅಚ್ಚಾದ ಮರುದಿನ

ಪತ್ರಿಕೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ಮನೆಗೆ ಬರುತ್ತಾರೆ. ಕುಳಿತ ಕೂಡಲೇ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಕಾಲದ ದೊಡ್ಡ ಸುದ್ದಿ ಯಾವುದು? ನಾನು ಜಿಲ್ಲೆಯ ವರದಿಗಾರನಾಗಿದ್ದವನು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಇಷ್ಟೇ ನನ್ನ ಸೀಮೆ. ಇಲ್ಲಿ ದೊಡ್ಡ ಸುದ್ದಿ ಅಪರೂಪ. ಸಣ್ಣ ಸುದ್ದಿಯನ್ನು ಅದು ಇದ್ದಷ್ಟೇ ಅಳತೆಯಲ್ಲಿ ಅಚ್ಚಿಗೆ ಮುಟ್ಟಿಸುವುದೇ ಇಲ್ಲಿನ ಕೆಲಸ. ಅದು ಸುಲಭವೆಂದು ಯಾರಾದರೂ ತಿಳಿದಿದ್ದರೆ ಮುಂದೆ ಓದಬಹುದು.

ನಾನು ಸೇರಿದಾಗ ಕಲಿತ ಮೊದಲ ನಿಯಮ ಇದು. ಎರಡು ಧರ್ಮದವರ ನಡುವೆ ಜಗಳವಾದರೆ ಧರ್ಮದ ಹೆಸರು ಬರೆಯಬಾರದು. ಹೊಡೆದವರ, ಹೊಡೆಸಿಕೊಂಡವರ ಹೆಸರನ್ನೂ ಬರೆಯಬಾರದು, ಏಕೆಂದರೆ ಹೆಸರು ಹೇಳಿದರೆ ಧರ್ಮ ಹೇಳಿದ ಹಾಗೆ. ‘ಎರಡು ಗುಂಪುಗಳ ನಡುವೆ’ ಎಂದು ಬರೆದು ಮುಗಿಸಬೇಕು. ಒಂದು ಊರಿನ ಸಿಟ್ಟು ಪತ್ರಿಕೆಯ ಬೆನ್ನೇರಿ ಇನ್ನೊಂದು ಊರಿಗೆ ಹೋಗಬಾರದು ಎಂಬುದು ಅದರ ಹಿಂದಿನ ಯೋಚನೆ. ಒಳ್ಳೆಯ ನಿಯಮ. ಬಹಳ ವರ್ಷ ಅದು ನಮ್ಮನ್ನು ಕಾಪಾಡಿದೆ.

ನಿಯಮ ಹೇಳಿಕೊಟ್ಟವರು ಆಗ ಗದುಗಿನ ಕಚೇರಿಯ ಮುಖ್ಯಸ್ಥರಾಗಿದ್ದ ಕುಲಕರ್ಣಿಯವರು. ಮುಂದೆ ಅವರು ಹುಬ್ಬಳ್ಳಿಯಲ್ಲಿ ಸುದ್ದಿ ಸಂಪಾದಕರಾದರು. ಮಾತು ಕಡಿಮೆ. ಬೈಯುವುದೂ ಕಡಿಮೆ. ವರದಿಯ ಹಾಳೆಯನ್ನು ಓದಿ ತಿರುಗಿ ಕೊಟ್ಟರೆ ಅದೇ ಬೈಗುಳ. ಅವರಿಂದ ಕಲಿತ ಎರಡನೆಯ ಪಾಠ ಎಲ್ಲಿಯೂ ಬರೆದಿಟ್ಟದ್ದಲ್ಲ. ಜಗಳಕ್ಕೆ ಮೊದಲ ದಿನ ಯಾವುದೋ ಒಂದು ವಸ್ತು ಕಾರಣವಾಗಿರುತ್ತದೆ. ಧರ್ಮ ಬರುವುದು ಎರಡನೆಯ ದಿನ, ಮೂರನೆಯ ದಿನ. ಆದ್ದರಿಂದ ಮೊದಲ ದಿನವೇ ಹೋಗಿ ಆ ವಸ್ತುವನ್ನು ಕಣ್ಣಾರೆ ನೋಡಿ ಬರಬೇಕು.

ಒಂದು ಸಲ ಬೆಟಗೇರಿಯಿಂದ ಫೋನು ಬಂತು. ನೇಕಾರರ ಓಣಿಯಲ್ಲಿ ಗಣಪತಿ ಕೂಡಿಸಿದ್ದಾರೆ, ನಮಾಜಿನ ಹೊತ್ತಿಗೆ ಯಾರೋ ಮೈಕು ಕಿತ್ತು ಹಾಕಿದ್ದಾರೆ, ಜನ ಸೇರುತ್ತಿದ್ದಾರೆ ಎಂದು. ಸೈಕಲ್ ಹತ್ತಿ ಹೋದೆ. ಪೆಂಡಾಲಿನ ಮುಂದೆ ಹುಡುಗರು ಮುಖ ಊದಿಸಿಕೊಂಡು ಕುಳಿತಿದ್ದರು. ಪಕ್ಕದ ಮನೆಯ ಮುಸ್ಲಿಂ ನೇಕಾರ ಬಾಗಿಲು ಹಾಕಿಕೊಂಡಿದ್ದ. ಎದುರು ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕುಳಿತಿದ್ದಳು.

‘ಮೈಕಿನ ಜಗಳ ಏನಬೇ ಯವ್ವಾ?’ ಎಂದು ಕೇಳಿದೆ.

‘ಮೈಕಿಂದಲ್ಲೋ ಯಪ್ಪಾ, ಫ್ಯೂಜಿಂದು. ಗಣಪತಿಗೆ ಕರೆಂಟ್ ಕೊಟ್ಟಾಂವ ಆ ಬಾಗಲಾ ಹಾಕ್ಕೊಂಡಾಂವನ. ಈ ಹುಡುಗರು ಸಾಲಸಾಲ ಲೈಟ್ ಹಾಕಿ, ಫ್ಯೂಜ್ ಹಾರಿಸಿ ಅವನ ಮಗ್ಗ ನಿಂದ್ರಿಸ್ಯಾವ. ಅರ್ಧಾ ನೇದ ಸೀರಿ ಕೆಟ್ಟರ ನಿಮ್ಮ ಗಣಪ್ಪ ಬಂದು ನೇದು ಕೊಡ್ತಾನೇನ್ರಲೇ ಅಂತ ಕೇಳ್ಯಾನ. ಕೇಳಬಾರದೇನು?’

‘ಮತ್ತ ವೈರ್ ಎಲ್ಲಿ ಹೋತು?’

‘ಅವನ ಮನಿಂದ ತಗದು ನಮ್ಮ ಮನಿಗೆ ಹಾಕ್ಯಾವ. ಈಗ ನಮ್ಮ ಮನ್ಯಾಗ ಕತ್ತಲಿ.’

ಕಚೇರಿಗೆ ಮರಳಿದೆ. ಕುಲಕರ್ಣಿಯವರು ತಲೆ ಎತ್ತದೆಯೇ ಕೇಳಿದರು, ‘ಏನಾಗೇತಿ?’

‘ಫ್ಯೂಜ್ ಹೋಗೇತ್ರಿ ಸರ್.’

‘ಎಷ್ಟ ಸಾಲು ಬರಿತೀ?’

‘ಒಂದೂ ಇಲ್ರಿ.’

‘ಛಲೋ. ಚಾ ತರಸು.’

ಆಗಿನ ಕೆಲಸಕ್ಕೆ ಇನ್ನೊಂದು ಅನುಕೂಲವಿತ್ತು. ಸುದ್ದಿ ನಿಧಾನವಾಗಿ ಬರುತ್ತಿತ್ತು. ಮುಂಡರಗಿಯ ವರದಿಗಾರ ಬರೆದ ಹಾಳೆಗಳನ್ನು ಲಕೋಟೆಗೆ ಹಾಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದ. ಗದುಗಿನ ನಿಲ್ದಾಣದಲ್ಲಿ ನಾವು ಕಾದು ಇಳಿಸಿಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಹೊಡೆದಾಡಿದವರು ಎಷ್ಟೋ ಸಲ ರಾಜಿಯಾಗಿರುತ್ತಿದ್ದರು. ಆಮೇಲೆ ಫ್ಯಾಕ್ಸ್ ಬಂತು. ಅದಾದ ಮೇಲೆ ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂತು. ನಮ್ಮ ಪತ್ರಿಕೆಯಲ್ಲಿ ಬೆಳಿಗ್ಗೆ ಅಚ್ಚಾದ ಒಂದು ತುಣುಕಿನ ಚಿತ್ರವನ್ನು ಯಾರೋ ತೆಗೆದು, ಅದರ ಕೆಳಗೆ ತಮಗೆ ತೋಚಿದ ಎರಡು ಮಾತು ಸೇರಿಸಿ, ಇಡೀ ತಾಲೂಕಿಗೆ ಹಂಚುವ ಕಾಲ ಅದು. ಹಳೆಯ ನಿಯಮ ಹೊಸ ಕಾಲದಲ್ಲಿ ಹೇಗೆ ಕಾಲು ಜಾರುತ್ತದೆ ಎಂಬುದನ್ನು ನಾವು ಕಂಡದ್ದು ಆಗ.

ಲಕ್ಷ್ಮೇಶ್ವರದಿಂದ ಮಾಗಡಿಯ ಕಡೆಗೆ ಹೋಗುವಾಗ ಸಿಗುವ ಒಂದು ಊರು. ಊರಿನ ಹೆಸರನ್ನು ಬಿಟ್ಟಿದ್ದೇನೆ, ಜನರ ಹೆಸರನ್ನು ಬದಲಿಸಿದ್ದೇನೆ. ಫಕೀರಪ್ಪ ಎಂಬ ಒಂದು ಹೆಸರನ್ನು ಮಾತ್ರ ಇದ್ದ ಹಾಗೆ ಉಳಿಸಿಕೊಂಡಿದ್ದೇನೆ. ಸುತ್ತಲಿನ ಯಾವ ಹಳ್ಳಿಯ ಕಟ್ಟೆಯ ಮುಂದೆ ನಿಂತು ಆ ಹೆಸರು ಕೂಗಿದರೂ ಇಬ್ಬರಾದರೂ ತಿರುಗಿ ನೋಡುತ್ತಾರೆ, ಹಾಗಾಗಿ ಯಾರೆಂದು ತಿಳಿಯುವ ಭಯವಿಲ್ಲ.

ಆ ದಿನ ಬೆಳಿಗ್ಗೆ ನಮ್ಮ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಇತ್ತು. ಆ ಊರಿನಲ್ಲಿ ಎರಡು ಗುಂಪುಗಳ ನಡುವೆ ಘರ್ಷಣೆ, ಕಲ್ಲು ತೂರಾಟ, ಒಬ್ಬರಿಗೆ ಗಾಯ, ಪೊಲೀಸ್ ಬಂದೋಬಸ್ತ್. ಲಕ್ಷ್ಮೇಶ್ವರದ ನಮ್ಮ ವರದಿಗಾರ ಅದನ್ನು ನೇರವಾಗಿ ಹುಬ್ಬಳ್ಳಿಯ ಮುಖ್ಯ ಕಚೇರಿಗೆ ಕಳಿಸಿದ್ದ. ನಾನು ಗದುಗಿನ ಕಚೇರಿಯಲ್ಲಿ ಅದನ್ನು ಓದುತ್ತಿರುವಾಗಲೇ ನನ್ನ ಫೋನಿಗೂ ಆ ತುಣುಕಿನ ಚಿತ್ರ ಬಂತು. ಜೊತೆಗೆ ಹಣೆಗೆ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ಮುಸ್ಲಿಂ ಒಬ್ಬರ ಚಿತ್ರ. ಕೆಳಗೆ ಯಾರೋ ಬರೆದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ.

ಊಟದ ಹೊತ್ತಿಗೆ ಮುಂಚೆ ಆ ಚಿತ್ರದಲ್ಲಿದ್ದವರೇ ನಮ್ಮ ಕಚೇರಿಯ ಬಾಗಿಲಲ್ಲಿ ನಿಂತಿದ್ದರು.

‘ನಮಸ್ಕಾರ್ರಿ. ನಿಮ್ಮ ಪೇಪರಿನ್ಯಾಗ ಒಬ್ಬರಿಗೆ ಗಾಯ ಅಂತ ಬಂದೇತಲ್ರಿ, ಆ ಒಬ್ಬಾಂವ ನಾನ.’

ಹೆಸರು ಮೌಲಾಸಾಬ. ಊರ ಬಾಗಿಲಾದ ಅಗಸೆಯ ಹತ್ತಿರ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು. ಕುಳ್ಳಿರಿಸಿ, ಏನಾಗಬೇಕು ಎಂದು ಕೇಳಿದೆ.

‘ಏನೂ ಆಗಿಲ್ಲಂತ ಒಂದು ಸಾಲು ಹಾಕ್ರಿ ಸಾಕು.’

‘ಹಣಿಗೆ ಪಟ್ಟಿ ಕಟಗೊಂಡು ಬಂದು ಏನೂ ಆಗಿಲ್ಲಂದ್ರ ಹೆಂಗ್ರಿ?’

‘ಹಣಿಗೆ ಆಗೇತ್ರಿ. ಊರಿಗೆ ಏನೂ ಆಗಿಲ್ಲ.’

ವಿಷಯ ನಿಧಾನವಾಗಿ ಹೊರಬಂತು. ಬರುವ ಐತವಾರ ಅವರ ಮಗಳು ದಿಲಶಾದಳ ಮದುವೆ. ಗಂಡಿನವರು ಮುಂಡರಗಿಯವರು. ಬೆಳಿಗ್ಗೆ ಅವರ ಫೋನಿಗೂ ಆ ಚಿತ್ರ ಹೋಗಿದೆ. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ನಿಮ್ಮ ಊರಿಗೆ ಬರುವುದಿಲ್ಲ, ಮದುವೆಯನ್ನು ಮುಂಡರಗಿಯಲ್ಲೇ ಒಂದು ಹಾಲ್ ಹಿಡಿದು ಮಾಡೋಣ ಎಂದು ಬೀಗರು ಹೇಳಿದ್ದಾರೆ. ನಮ್ಮ ಕಡೆ ಮುಸ್ಲಿಮರ ಮನೆಯ ಮದುವೆಯಲ್ಲಿ ಊರ ಹಿಂದೂ ಮಂದಿಗಾಗಿ ಬೇರೆ ಒಲೆ ಹೂಡಿ, ಅಯ್ಯನವರನ್ನೋ ಲಿಂಗಾಯತ ಅಡುಗೆಯವರನ್ನೋ ಕರೆಸಿ ಹುಗ್ಗಿ, ಅನ್ನ, ಸಾರು ಮಾಡಿಸುವ ರೂಢಿಯಿದೆ. ಅದಕ್ಕೆ ಒಪ್ಪಿಕೊಂಡಿದ್ದ ಶಿರಹಟ್ಟಿಯ ಅಡುಗೆ ಸಂಗಯ್ಯನವರೂ ಹೇಳಿ ಕಳಿಸಿದ್ದರಂತೆ, ಗಲಾಟೆ ಇರುವ ಊರಿಗೆ ಪಾತ್ರೆ ಹೊತ್ತು ಬರಲಾರೆ ಎಂದು.

‘ಮುಂಡರಗ್ಯಾಗ ಮಾಡಿದ್ರ ಏನಾಗತೈತ್ರಿ?’ ಎಂದೆ. ಕೇಳಲೇಬೇಕಾದ ಪ್ರಶ್ನೆ ಅದು.

ಮೌಲಾಸಾಬರು ಹೇಳಿದರು. ‘ಆ ಹುಡುಗೀನ್ನ ಊರ ಮಂದಿ ಎತ್ತಿ ಆಡಿಸ್ಯಾರ. ಇವತ್ತ ನಾ ಹೊರಗ ಹೋಗಿ ಮದುವಿ ಮಾಡಿದ್ನೆಂದ್ರ ಊರಿಗೆ ಹೆದರಿದಂಗ ಆತು. ನಾ ಒಮ್ಮಿ ಹೆದರಿದ್ರ, ಮುಂದ ಊರೂ ನನಗ ಹೆದರಾಕ ಹತ್ತತೈತಿ. ಆಮ್ಯಾಲೆ ಆ ಊರಾಗ ಗ್ಯಾರೇಜ್ ಇಟಗೊಂಡು ಏನ್ ಮಾಡ್ಲಿ?’

ಹೊಡೆದಾಡಿದವರು ಯಾರು ಎಂದು ಕೇಳಿದೆ.

‘ಅದು ಮನಿ ಮಾತ್ರಿ. ನಾ ಹೇಳೂದಿಲ್ಲ.’

‘ಕಲ್ಲು ಯಾರದು?’

‘ಕಲ್ಲಿಗೆ ಹೆಸರು ಬರದಿರತೈತೇನ್ರಿ?’

ಅವರ ಎದುರಿಗೇ ಲಕ್ಷ್ಮೇಶ್ವರದ ವರದಿಗಾರನಿಗೆ ಫೋನು ಹಚ್ಚಿದೆ. ಆ ಕಡೆಯಿಂದ ಬಂದ ಉತ್ತರ ಕೋಣೆಗೆಲ್ಲ ಕೇಳಿಸಿತು. ‘ಅಣ್ತಮ್ಮರಲ್ರಿ ಸರ್ ಅವರು. ಫಕೀರಪ್ಪ, ಬಸವರಾಜ. ಪಾಲಾಗ್ಯಾರ, ಕಣ ಮಾತ್ರ ಇಬ್ಬರದೂ ಕೂಡೇತಿ. ಅದರಾಗ ತಮ್ಮ ಬಣವಿ ಒಟ್ಟಿದ, ಅಣ್ಣಂಗ ಸಿಟ್ಟು ಬಂತು. ಮೌಲಾಸಾಬ ಅಲ್ಲೇ ಟ್ರ್ಯಾಕ್ಟರ್ ನೋಡಾಕತ್ತಿದ್ದ, ಬಿಡಸಾಕ ಹೋಗಿ ಪೆಟ್ಟು ತಿಂದ. ನಾ ಹೆಸರು ಸಮೇತ ಕಳಿಸಿದ್ನಲ್ರಿ?’

‘ಅಣ್ತಮ್ಮರು ಅಂತ ಬರದಿದ್ದೇನು?’

‘ಅದನ್ನೇನು ಬರಿಯೂದ್ರಿ. ಎಲ್ಲಾರಿಗೂ ಗೊತ್ತೈತಲ್ಲ.’

ಫೋನು ಇಟ್ಟೆ. ಮೌಲಾಸಾಬರು ಬೆರಳೆತ್ತಿ ಹೇಳಿದರು, ‘ನಾ ಹೇಳಿಲ್ಲ ಮತ್ತ. ನೀವ ಕೇಳಿ ತಿಳಕೊಂಡ್ರಿ.’

ಮುಂದಿನ ಫೋನು ಹುಬ್ಬಳ್ಳಿಗೆ. ಆ ಪುಟ ನೋಡಿದ್ದ ಉಪಸಂಪಾದಕಿ ಸುಮಾ. ಮೈಸೂರಿನ ಕಡೆಯವಳು, ಸೇರಿ ಸ್ವಲ್ಪವೇ ಕಾಲವಾಗಿತ್ತು, ಕೆಲಸದಲ್ಲಿ ಚುರುಕು.

‘ಕಾಪಿಯಲ್ಲಿ ಫಕೀರಪ್ಪ ಕಡೆಯವರು, ಬಸವರಾಜ ಕಡೆಯವರು ಅಂತ ಇತ್ತು ಸರ್. ಗಾಯ ಆದವರು ಮೌಲಾಸಾಬ. ಎರಡು ಧರ್ಮದವರು ಅಂದ್ಕೊಂಡೆ. ಹೆಸರು ತೆಗೆದು ಎರಡು ಗುಂಪು ಮಾಡಿದೆ. ನಿಯಮ ಅದೇ ಅಲ್ವಾ?’

‘ಇಬ್ಬರೂ ಒಂದ ತಾಯಿ ಮಕ್ಕಳು.’

‘ಫಕೀರಪ್ಪ ಹಿಂದೂನಾ ಸರ್?’

‘ನಮ್ಮ ಸೋದರಮಾವನ ಹೆಸರು ಹುಸೇನಪ್ಪ. ಅಸುಂಡ್ಯಾಗ ಹೊಲ ಮಾಡ್ತಾನ. ವಿಭೂತಿ ಹಚ್ಚದ ನೀರೂ ಕುಡಿಯೂದಿಲ್ಲ.’

ನಮ್ಮ ಭಾಗದಲ್ಲಿ ಮಕ್ಕಳಾಗದವರು ಫಕೀರನ ಗದ್ದುಗೆಗೋ ದರ್ಗಾಕ್ಕೋ ಹರಕೆ ಹೊರುತ್ತಾರೆ, ಹುಟ್ಟಿದ ಕೂಸಿಗೆ ಆ ಹೆಸರನ್ನೇ ಇಡುತ್ತಾರೆ. ನಮ್ಮಲ್ಲಿ ಹುಟ್ಟಿದವರಿಗೆ ಇದು ಹೇಳಬೇಕಾದ ವಿಷಯವೇ ಅಲ್ಲ, ಹೊರಗಿನಿಂದ ಬಂದವರಿಗೆ ಹೇಳದೆ ತಿಳಿಯುವ ವಿಷಯವೂ ಅಲ್ಲ. ಸುಮಾ ನಿಯಮ ಮುರಿದಿರಲಿಲ್ಲ, ಚಾಚೂ ತಪ್ಪದೆ ಪಾಲಿಸಿದ್ದಳು. ಒಂದು ಮನೆಯ ಜಗಳ ಎರಡು ಧರ್ಮದ ಜಗಳವಾಗಿ ಅಚ್ಚಾದದ್ದು ಹಾಗೆ.

ಈಗ ಸರಿಪಡಿಸಬೇಕು. ಕುಲಕರ್ಣಿಯವರು ಕೇಳಿಸಿಕೊಂಡು ಹೇಳಿದರು, ‘ಇಬ್ಬರೂ ಒಂದ ಸಮಾಜದವರು ಅಂತ ಸ್ಪಷ್ಟನೆ ಹಾಕೂಣು.’

‘ಹಂಗ ಹಾಕಿದ್ರ ಮುಚ್ಚಾಕ ಹೊಂಟಾರ ಅಂತಾರ್ರಿ ಸರ್. ಗಾಯ ಆದಾಂವ ಮೌಲಾಸಾಬ ಅನ್ನೂದು ಎಲ್ಲಾರ ಫೋನಿನ್ಯಾಗ ಐತಿ. ಅವಗ ಹೆಂಗ ಆತು ಅಂತ ಹೇಳಬೇಕು. ಹೇಳಬೇಕಂದ್ರ ಹೆಸರು ಬೇಕು.’

‘ಹೆಸರು ಹಾಕೂದಿಲ್ಲ ಅನ್ನೂದು ನಾನ ನಿನಗ ಕಲಿಸಿದ್ದು.’

‘ಮಂದಿ ಊಹಾ ಮಾಡಬಾರದಂತ ಕಲಿಸಿದ್ರಿ. ಈಗ ಹೆಸರಿಲ್ಲಂತನ ಊಹಾ ಮಾಡಾಕತ್ತಾರ.’

ಅವರು ಯೋಚಿಸಿ ಒಂದು ತೀರ್ಮಾನ ಕೊಟ್ಟರು. ‘ಅಣ್ತಮ್ಮರು ಇಬ್ಬರೂ ತಮ್ಮ ಬಾಯಿಲೆ ಹೇಳಿ ಒಪ್ಪಬೇಕು. ಒಬ್ಬ ಒಲ್ಲೆ ಅಂದ್ರೂ ಇಲ್ಲ.’

ಮರುದಿನ ಬೆಳಿಗ್ಗೆ ಹೊರಟೆ. ಮೊದಲು ಲಕ್ಷ್ಮೇಶ್ವರದ ಪೇಟೆಯಲ್ಲಿ ಇಳಿದೆ. ಇದು ನನ್ನ ಪದ್ಧತಿ, ಹೊಸಬರಿಗೆ ಉಪಯೋಗಕ್ಕೆ ಬರಬಹುದು. ಊರು ನಿಜವಾಗಿ ಕೆಟ್ಟಿದೆಯೇ ಎಂದು ನೋಡಬೇಕಾದರೆ ಕಾಳಿನ ಪೇಟೆಗೆ ಹೋಗಿ ಹರಾಜಿನ ಸವಾಲು ನಡೆದಿದೆಯೇ ನೋಡಿ. ಆ ದಿನ ಸವಾಲು ನಡೆದಿತ್ತು. ಹಮಾಲರು, ದಲಾಲರು, ರೈತರು, ಎಲ್ಲ ಧರ್ಮದವರೂ ಒಂದೇ ರಾಶಿಯ ಸುತ್ತ ನಿಂತು ಎಂದಿನಂತೆ ಕೂಗಾಡುತ್ತಿದ್ದರು. ಆದರೆ ನಾನು ಹೋಗುವ ಊರಿನ ಹೆಸರು ಹೇಳಿದಾಗ ಪರಿಚಯದ ದಲಾಲರೊಬ್ಬರು ತಕ್ಕಡಿ ಬಿಟ್ಟು ಬಂದರು. ‘ಈಗ್ಯಾಕ ಹೊಂಟ್ರಿ? ಅಲ್ಲಿ ಸರಿ ಇಲ್ಲಂತ. ನಿಮ್ಮ ಪೇಪರಿನ್ಯಾಗನ ಬಂದೇತಲ್ರಿ’ ಎಂದರು.

ಊರಿನಲ್ಲಿ ಸರಿ ಇಲ್ಲದ್ದೇನೂ ಕಾಣಲಿಲ್ಲ. ಅಗಸೆಯಲ್ಲಿ ಪೊಲೀಸ್ ವ್ಯಾನು ನಿಂತಿತ್ತು. ಒಬ್ಬ ಪೇದೆ ಮೌಲಾಸಾಬರ ಗ್ಯಾರೇಜಿನ ನೆರಳಿನಲ್ಲಿ ಕುಳಿತು ಹುರಿದ ಶೇಂಗಾ ಸುಲಿಯುತ್ತಿದ್ದ. ಫಕೀರಪ್ಪನವರ ಮನೆ ತೋರಿಸಿದವನೂ ಅವನೇ.

ಒಂದೇ ದೊಡ್ಡ ಮನೆಯ ನಡುವೆ ಎದೆಮಟ್ಟದ ಹೊಸ ಗೋಡೆ ಎದ್ದಿತ್ತು. ಈ ಕಡೆಯ ಅಂಗಳದಲ್ಲಿ ಫಕೀರಪ್ಪನವರು ಹಗ್ಗದ ಹೊರಸಿನ ಮೇಲೆ ಕುಳಿತಿದ್ದರು. ಆ ಕಡೆ ಯಾರೋ ಎತ್ತು ತೊಳೆಯುತ್ತಿದ್ದರು, ತಲೆಯ ರುಮಾಲು ಮಾತ್ರ ಕಾಣುತ್ತಿತ್ತು. ಫಕೀರಪ್ಪನವರು ಸಣ್ಣ ಮನುಷ್ಯರಲ್ಲ. ಸುತ್ತಲಿನ ಊರುಗಳಲ್ಲಿ ಅಣ್ಣ ತಮ್ಮಂದಿರು ಪಾಲಾಗುವಾಗ ಹಿರಿಯರಾಗಿ ಕೂರಲು ಇವರನ್ನೇ ಕರೆಯುತ್ತಿದ್ದರು.

‘ಬರ್ರಿ, ಕುಂಡ್ರಿ. ಪೇಪರಿನ್ಯಾಗ ಬರೂದು ಬಂದೇತಲ್ಲ, ಮತ್ತೇನ್ರಿ?’

‘ಬಂದದ್ದು ಖರೆ ಅಲ್ಲಲ್ರಿ. ನೀವು ಅಣ್ತಮ್ಮರು.’

‘ಇರ್ಲಿ ಬಿಡ್ರಿ. ಗುಂಪು ಅಂದ್ರ ಗುಂಪು.’

ಈ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ. ಯಾಕೆ ಎಂದು ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ.

‘ನಾ ಮಂದಿ ಮನಿ ಪಾಲು ಮಾಡಿ ಕೊಟ್ಟಾಂವ. ನನ್ನ ಮನ್ಯಾಗ ಬಣವಿ ಸಲುವಾಗಿ ಕಲ್ಲು ಹಾರ್ಯಾವಂತ ಬಂದ್ರ ನಾಳಿ ಯಾವ ಕಟ್ಟಿ ಮ್ಯಾಲೆ ಕುಂಡ್ರಲಿ? ಗುಂಪಿನ ಜಗಳ ಅಂದ್ರ ಊರ ಮ್ಯಾಲೆ ಹೋಗತೈತಿ. ನಾಕ ದಿನಕ್ಕ ಮಂದಿ ಮರೀತಾರ.’

‘ಊರ ಮ್ಯಾಲೆ ಹೋಗಿಲ್ರಿ. ಮೌಲಾಸಾಬನ ಮ್ಯಾಲೆ ಹೋಗೇತಿ’ ಎಂದು ಮದುವೆಯ ವಿಷಯ ಹೇಳಿದೆ. ಬೀಗರು ಬರುವುದಿಲ್ಲ ಎಂದದ್ದು ಅವರಿಗೆ ತಿಳಿದಿರಲಿಲ್ಲ. ಮೌಲಾಸಾಬರು ಅದನ್ನೂ ಹೇಳಿರಲಿಲ್ಲ. ಫಕೀರಪ್ಪನವರು ಹೊರಸಿನಿಂದ ಎದ್ದೇ ಬಿಟ್ಟರು.

‘ಯಾಕ ಬರೂದಿಲ್ಲ? ಆ ಹುಡುಗಿ ಮದುವಿ ನಾ ನಿಂತು ಮಾಡಸ್ತೀನಿ. ನಮ್ಮ ಹುಡುಗರನ್ನ ಕರಕೊಂಡು ನಾನ ಅಗಸ್ಯಾಗ ನಿಂದರ್ತೀನಿ. ಯಾಂವ ಏನ್ ಮಾಡ್ತಾನ ನೋಡೂಣು.’

‘ಮುಂಡರಗಿಯವ್ರಿಗೆ ನಿಮ್ಮ ಗುರ್ತು ಇಲ್ಲಲ್ರಿ. ಅಗಸ್ಯಾಗ ನೀವು ಮಂದಿ ಕಟಗೊಂಡು ನಿಂತದ್ದು ನೋಡಿದ್ರ ಗಾಡಿ ತಿರುವಿಕೊಂಡು ಹೋಗ್ತಾರ.’

ಗೋಡೆಯ ಆ ಕಡೆ ಯಾರೋ ನಕ್ಕರು. ಫಕೀರಪ್ಪನವರು ಅತ್ತ ನೋಡಲಿಲ್ಲ. ಅವರ ಹೆಂಡತಿ ನೀಲವ್ವನವರು ನೀರು, ಬೆಲ್ಲ ತಂದಿಟ್ಟು ಬಾಗಿಲ ಬಳಿಯೇ ನಿಂತಿದ್ದರು. ನಾನು ಕೇಳಬೇಕಾದದ್ದು ಒಂದೇ ಉಳಿದಿತ್ತು.

‘ಮೌಲಾಸಾಬನ ಹಣಿಗೆ ಹತ್ತಿದ ಕಲ್ಲು ಯಾರದ್ರಿ?’

ಗೋಡೆಯ ಆಚೆ ನೀರಿನ ಸದ್ದು ನಿಂತಿತು. ಆ ಕಡೆಯಿಂದ ತಮ್ಮ ಬಸವರಾಜನ ದನಿ ಬಂತು. ‘ಹೇಳಂತ ಹೇಳ್ರಿ ಅವಗ.’

‘ನಂದ್ರಿ’ ಎಂದರು ಫಕೀರಪ್ಪನವರು. ‘ತಮ್ಮಗ ಬೀಸಿದ್ದೆ. ಮೌಲಾ ನಡುವ ಬಂದ. ಆಸ್ಪತ್ರಿಗೆ ಕರಕೊಂಡು ಹೋಗೂಮುಂದ ಅಂವನ ಅಂದ, ಅಣ್ಣಾರ, ಈ ಮಾತು ಅಗಸಿ ದಾಟೂದಿಲ್ಲ ಅಂತ. ಪೊಲೀಸರಿಗೂ ಹೇಳಲಿಲ್ಲ.’

‘ದಾಟಿಸಿಲ್ಲಲ್ಲ ಅಂವ?’ ಎಂದರು ನೀಲವ್ವನವರು. ದನಿ ಏರಿಸದೆಯೇ ಕೇಳಿದರು. ‘ತಲಿ ಒಡಕೊಂಡಾಂವ ನಿಮ್ಮ ಮರ್ಯಾದಿ ಕಾಯಾಕತ್ತಾನ. ನೀವು ಯಾರದು ಕಾಯಾಕತ್ತೀರಿ?’

ಇಂಥ ಹೊತ್ತಿನಲ್ಲಿ ವರದಿಗಾರ ಬಾಯಿ ಮುಚ್ಚಿಕೊಂಡಿರಬೇಕು. ನಾನು ಬೆಲ್ಲ ತಿಂದು ನೀರು ಕುಡಿದೆ. ಫಕೀರಪ್ಪನವರು ಮತ್ತೆ ಹೊರಸಿನ ಮೇಲೆ ಕುಳಿತರು, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

‘ಬರೀರಿ. ನನ್ನ ಹೆಸರು ಮದ್ಲ ಬರೀರಿ.’

‘ಅವಂದ್ಯಾಕ ಮದ್ಲ?’ ಎಂದಿತು ಗೋಡೆಯಾಚೆಯ ದನಿ. ‘ಬಣವಿ ಒಟ್ಟಿದ್ದು ನಾನು. ಜಗಳ ತಗದದ್ದು ನಾನು.’

‘ಹಿರಿಯಾಂವ ನಾನಂತ ಹೇಳ್ರಿ ಅವಗ.’

‘ಹಿರ್ಯಾರು ಕಲ್ಲು ಬೀಸೂದಿಲ್ಲಂತ ಹೇಳ್ರಿ.’

ಇಬ್ಬರ ನಡುವೆ ಎರಡು ಮಾರು ದೂರವಿತ್ತು. ಇಬ್ಬರೂ ನನ್ನ ಮೂಲಕವೇ ಮಾತನಾಡುತ್ತಿದ್ದರು. ವಯಸ್ಸಿನ ಪ್ರಕಾರ ಹಾಕುತ್ತೇನೆ ಎಂದೆ. ಇಬ್ಬರೂ ಒಪ್ಪಿದರು. ಹೊರಡುವಾಗ ಮೌಲಾಸಾಬರಿಗೆ ವಿಷಯ ತಿಳಿಸಲು ಗ್ಯಾರೇಜಿನಲ್ಲಿ ನಿಂತೆ. ‘ಅಣ್ಣಾರ ಒಪ್ಪಿದ್ರ?’ ಎಂದು ಕೇಳಿದರು. ಹೌದು ಎಂದೆ. ‘ಹಂಗಿದ್ರ ಹಾಕ್ರಿ. ಕೊಟ್ಟ ಮಾತು ಅವರ ಬಿಡಿಸಿದ್ರ ನಾ ಹಿಡಕೊಂಡು ಏನ್ ಮಾಡ್ಲಿ’ ಎಂದರು.

ಮಧ್ಯಾಹ್ನವೇ ಗದುಗಿನಿಂದ ವರದಿ ಕಳಿಸಿದೆ. ಜಗಳವಾದದ್ದು ಸಹೋದರರಾದ ಫಕೀರಪ್ಪ ಮತ್ತು ಬಸವರಾಜ ಅವರ ನಡುವೆ, ಕಣದಲ್ಲಿ ಬಣವೆ ಒಟ್ಟಿದ ವಿಷಯಕ್ಕೆ. ಫಕೀರಪ್ಪ ಬೀಸಿದ ಕಲ್ಲು, ಬಿಡಿಸಲು ನಡುವೆ ಬಂದ ಮೌಲಾಸಾಬ ಅವರ ಹಣೆಗೆ ತಾಗಿದೆ. ಹೀಗೆಂದು ಸಹೋದರರಿಬ್ಬರೂ ಪತ್ರಿಕೆಗೆ ತಿಳಿಸಿದ್ದಾರೆ. ಧರ್ಮ, ಕೋಮು, ಶಾಂತಿ, ಸೌಹಾರ್ದ, ಇವುಗಳಲ್ಲಿ ಒಂದು ಪದವೂ ಅದರಲ್ಲಿ ಇರಲಿಲ್ಲ. ಬೇಕಾಗಿರಲೂ ಇಲ್ಲ.

ಕುಲಕರ್ಣಿಯವರು ಕಲ್ಲಿನ ವಾಕ್ಯದ ಹತ್ತಿರ ತಡೆದರು. ‘ಅದನ್ನ ಬಿಡು. ನಾಳೆ ಕೇಸು ಆದ್ರ ಈ ತುಣುಕು ಹಿಡಕೊಂಡು ಬರ್ತಾರ. ಗಾಯ ಆತು ಅಂದ್ರ ಸಾಕು.’ ಅವರ ಮಾತಿನಲ್ಲಿ ಅರ್ಥವಿತ್ತು. ಫಕೀರಪ್ಪನವರಿಗೆ ಫೋನು ಮಾಡಿ, ಆ ಮಾತು ಬಿಡಬಹುದು, ಬಿಟ್ಟರೆ ನಿಮಗೇ ಒಳ್ಳೆಯದು ಎಂದು ತಿಳಿಸಿದೆ.

‘ನನ್ನ ಹೆಸರು ಬರದು ಕಲ್ಲು ಬಿಟ್ರ ಮಂದಿ ಏನಂತಾರ್ರಿ? ತಮ್ಮ ಬೀಸ್ಯಾನಂತಾರ. ಹಿರಿಯಾಂವ ಎಲ್ಲೆರೆ ಬೀಸ್ತಾನೇನು ಅಂತಾರ. ಆ ಸುಳ್ಳು ಬ್ಯಾಡ, ಹಾಕ್ರಿ.’

ಹಾಗೆಯೇ ಹಾಕಿದೆವು, ಮೊದಲ ಸುದ್ದಿ ಬಂದ ಪುಟದಲ್ಲೇ, ಅದೇ ಜಾಗದಲ್ಲಿ. ಈ ಸಲವೂ ಪುಟ ನೋಡಿದವಳು ಸುಮಾ. ಬೆಳಿಗ್ಗೆ ಆ ತುಣುಕಿನ ಚಿತ್ರ ತೆಗೆದು, ಮೊದಲನೆಯದು ತಿರುಗಾಡುತ್ತಿದ್ದ ಕಡೆಗೆಲ್ಲ ತಲುಪುವಂತೆ ನಮ್ಮ ವರದಿಗಾರರಿಗೆ ಕಳಿಸಿದವಳೂ ಅವಳೇ. ಮೊದಲನೆಯದು ಹೋದಷ್ಟು ದೂರ ಎರಡನೆಯದು ಹೋಗಲಿಲ್ಲ. ಎಂದೂ ಹೋಗುವುದಿಲ್ಲ, ಅದನ್ನು ತಿಳಿದೇ ಈ ಕೆಲಸ ಮಾಡಬೇಕು. ಹೋಗಬೇಕಾದ ಮನೆಗಳಿಗೆ ಹೋಯಿತೋ ಇಲ್ಲವೋ ಎಂಬುದೇ ಲೆಕ್ಕ.

ಅಂದಿನಿಂದ ಮುಖ್ಯ ಕಚೇರಿಯಲ್ಲಿ ನಿಯಮಕ್ಕೆ ಒಂದು ಮಾತು ಸೇರಿತು. ಹೆಸರು ತೆಗೆಯುವ ಮೊದಲು ಊರಿಗೆ ಫೋನು ಮಾಡಿ, ಜಗಳವಾಡಿದವರು ಒಬ್ಬರಿಗೊಬ್ಬರು ಏನಾಗಬೇಕು ಎಂದು ಕೇಳಬೇಕು. ಇದನ್ನು ಹೊಸಬರಿಗೆ ಒತ್ತಿ ಹೇಳುತ್ತೇನೆ. ‘ಎರಡು ಗುಂಪು’ ಎಂಬುದು ಖಾಲಿ ಪಾತ್ರೆ, ಓದುವವನ ಮನಸ್ಸಿನಲ್ಲಿ ಆ ದಿನ ಏನಿದೆಯೋ ಅದನ್ನೇ ಅದಕ್ಕೆ ಸುರುವಿಕೊಳ್ಳುತ್ತಾನೆ.

ವರದಿ ಬಂದ ದಿನ ಮಧ್ಯಾಹ್ನ ಕಚೇರಿಗೆ ಮುಂಡರಗಿಯಿಂದ ಫೋನು ಬಂತು. ಮಾತನಾಡಿದವರು ಗಂಡಿನ ತಂದೆ.

‘ಇವತ್ತಿನ ಪೇಪರಿನ್ಯಾಗಿಂದು ಖರೇನ್ರಿ? ಇಲ್ಲಾ ಪೊಲೀಸರು ಬರಿಸ್ಯಾರ?’

‘ಖರೇರಿ. ಅಣ್ತಮ್ಮರ ಬಾಯಿಂದ ನಾನ ಕೇಳಿ ಬಂದೇನಿ.’

‘ಕಲ್ಲು ಬೀಸಿದಾಂವ ತಾನ ಬೀಸೇನಿ ಅಂದ್ನ?’

‘ತಾನ ಅಂದಾನ. ಬಿಡೂದ್ಬ್ಯಾಡ, ಹಾಕ್ರಿ ಅಂದಾನ.’

ಆ ಕಡೆ ಅವರು ಯಾರಿಗೋ ಉರ್ದುವಿನಲ್ಲಿ ಏನೋ ಹೇಳಿದರು, ಯಾರೋ ನಕ್ಕರು. ಆಮೇಲೆ ನನಗೆ ಹೇಳಿದರು, ‘ಬಣವಿ ಜಗಳಾ ಹೌದಲ್ರಿ? ಅದು ನಮ್ಮ ಅಣ್ತಮ್ಮರಾಗೂ ಐತಿ ತಗೋರಿ. ಬರ್ತೀವಂತ ಮೌಲಾಸಾಬಗ ಹೇಳ್ತೀನಿ.’

ಐತವಾರ ನಾನೂ ಹೋಗಿದ್ದೆ. ಪೊಲೀಸ್ ವ್ಯಾನು ಹಿಂದಿನ ದಿನವೇ ಹೊರಟುಹೋಗಿತ್ತು, ಶೇಂಗಾ ಸುಲಿಯುತ್ತಿದ್ದ ಪೇದೆ ಮಾತ್ರ ಸಾದಾ ಅಂಗಿ ಹಾಕಿಕೊಂಡು ಊಟಕ್ಕೆ ಬಂದಿದ್ದ. ಮುಂಡರಗಿಯ ಗಾಡಿಗಳು ಅಗಸೆಯೊಳಗೆ ಬಂದವು. ಅಲ್ಲಿ ಕಾವಲು ನಿಂತವರು ಯಾರೂ ಇರಲಿಲ್ಲ, ಅತ್ತರು ಹಚ್ಚಲು ನಿಂತ ಮೌಲಾಸಾಬರ ಮನೆಯವರಿದ್ದರು. ನಿಕಾಹ್ ಮುಗಿದ ಮೇಲೆ ಗ್ಯಾರೇಜಿನ ಹಿಂದಿನ ಬಯಲಿನಲ್ಲಿ ಊರವರ ಪಂಕ್ತಿ ಕೂತಿತು. ಸಂಗಯ್ಯನವರು ಶಿರಹಟ್ಟಿಯಿಂದ ಪಾತ್ರೆ ಪಡಗದೊಂದಿಗೆ ಬಂದು ನಸುಕಿನಲ್ಲೇ ಒಲೆ ಹೂಡಿದ್ದರು.

ಫಕೀರಪ್ಪನವರೂ ಬಸವರಾಜನೂ ಬೇರೆ ಬೇರೆಯಾಗಿ ಬಂದಿದ್ದರು. ಜಾಗ ಸಿಕ್ಕಲ್ಲಿ ಕೂರುವಾಗ ಇಬ್ಬರ ನಡುವೆ ಒಂದೇ ಎಲೆಯ ಅಂತರ ಉಳಿಯಿತು. ಎದ್ದು ಹೋಗಲು ಇಬ್ಬರಿಗೂ ಬಿಗುಮಾನ. ಮೌಲಾಸಾಬರು ಗಂಡಿನ ತಂದೆಯನ್ನು ಪಂಕ್ತಿಯ ಮುಂದೆ ಕರೆದುಕೊಂಡು ಬಂದು ಊರ ಹಿರಿಯರ ಪರಿಚಯ ಮಾಡಿಸತೊಡಗಿದರು. ಅವರ ಹಣೆಯ ಮೇಲೆ ಪಟ್ಟಿ ಇನ್ನೂ ಇತ್ತು. ಬೀಗರಿಗೆ ಹಾಸ್ಯದ ಸ್ವಭಾವ. ಇಬ್ಬರನ್ನೂ ನೋಡಿ, ‘ನಮ್ಮ ಬೀಗನ ಹಣಿಗೆ ಕುಂಕುಮ ಹಚ್ಚಿದಾವ್ರು ಇಬ್ಬರಾಗ ಯಾರ್ರಿ?’ ಎಂದು ಕೇಳಿದರು.

ಮೌಲಾಸಾಬರು ಬೀಗರ ತೋಳು ಹಿಡಿದು ಮುಂದೆ ಕರೆದೊಯ್ಯಲು ನೋಡಿದರು.

‘ನಾನ್ರಿ’ ಎಂದರು ಫಕೀರಪ್ಪನವರು, ಎಲೆಯ ಮುಂದೆ ನೆಟ್ಟಗೆ ಕುಳಿತು. ‘ಪೇಪರಿನ್ಯಾಗ ಬಂದಿತ್ತಲ್ರಿ, ಓದಿಲ್ಲೇನು?’

‘ಓದೇನಿ. ಕೈ ನೋಡಬೇಕಾಗಿತ್ತು.’

ಬಸವರಾಜ ತಲೆ ಎತ್ತಿದ. ಆದರೆ ಮಾತನಾಡಿದ್ದು ಬೀಗರ ಜೊತೆಗಲ್ಲ. ನಡುವಿನ ಖಾಲಿ ಎಲೆಯ ಮೇಲಿಂದ ಅಣ್ಣನ ಕಡೆ ತಿರುಗಿ, ‘ಸಣ್ಣಾವ ಇದ್ದಾಗಿಂದ ಒಂದರೆ ಗುರಿ ಹತ್ತೇತೇನೋ ನಿಂದು?’ ಎಂದ.

ಫಕೀರಪ್ಪನವರು ತಮ್ಮನ ಕಡೆ ತಿರುಗಿದರು.

‘ಹತ್ತಿಲ್ಲ ನೋಡು’ ಎಂದರು. ‘ಪುಣ್ಯಾ ನಂದು.’

ಸಂಗಯ್ಯನವರು ಹುಗ್ಗಿಯ ಬುಟ್ಟಿ ಹಿಡಿದು ಬರುತ್ತಿದ್ದರು. ಗಂಡಿನ ತಂದೆ ಮೌಲಾಸಾಬರ ಭುಜ ಒತ್ತಿ ಅವರನ್ನು ನಡುವಿನ ಖಾಲಿ ಎಲೆಗೆ ಕೂರಿಸಿದರು. ‘ಈ ಇಬ್ಬರ ಜಗಳದಾಗ ನಿನ್ನ ಜಾಗ ಇಲ್ಲೇ ನಡುವ ಐತಿ, ಕುಂಡ್ರು’ ಎಂದರು. ಸಂಗಯ್ಯನವರು ಮೂರು ಎಲೆಗೂ ಹುಗ್ಗಿ ಬಡಿಸಿ ಮುಂದೆ ಹೋದರು.